ಗ್ರಹಣದ ಹೊತ್ತಿನ ಕೌದಿ

ಚಿಂತೆ ಮಾಡುವುದಕ್ಕೆ ಸರಕಾರ ಪಗಾರ ಕೊಡುವಂತಿದ್ದರೆ ನಾನು ಇಷ್ಟೊತ್ತಿಗೆ ಪೆನ್ಶನ್ನಿಗೆ ಬಂದಿರುತ್ತಿದ್ದೆ. ಶಿಗ್ಗಾವಿಯ ಬಸ್ಸು ತಡವಾದರೆ ಹಳ್ಳಕ್ಕೆ ಬಿದ್ದಿರಬೇಕೆಂದು ಎದೆ ಹೊಡೆದುಕೊಳ್ಳುತ್ತದೆ. ಹೊತ್ತಿಗೆ ಮುಂಚೆ ಬಂದರೆ ನಮ್ಮವರನ್ನು ಬಿಟ್ಟೇ ಬಂದಿರಬೇಕು ಅನ್ನಿಸುತ್ತದೆ. ಕೈ ಸುಮ್ಮನಿದ್ದಷ್ಟೂ ತಲೆ ಓಡುತ್ತದೆ. ಅದಕ್ಕೇ ಕೌದಿ ಹೊಲಿಯುತ್ತೇನೆ. ಹಳೆಯ ಸೀರೆ, ಧೋತರ, ಕುಪ್ಪಸಗಳ ತುಣುಕು ಕೂಡಿಸಿ ಹೊದಿಕೆ ಮಾಡುವುದು ನಮ್ಮ ಕಡೆ ಎಲ್ಲ ಹೆಂಗಸರಿಗೂ ಬರುವ ಕೆಲಸ. ಅವರು ಚಳಿಗೆಂದು ಹೊಲಿಯುತ್ತಾರೆ, ನಾನು ಚಿಂತೆಗೆಂದು ಹೊಲಿಯುತ್ತೇನೆ. ಕೌದಿ ಇಲ್ಲದಾಗ ತೊಟ್ಟಿಲಿಗೆ ಕಟ್ಟುವ ಅರಿವೆಯ ಗಿಳಿ, ಎಲೆ ಅಡಕೆಯ ಸಂಚಿ, ಕೊಡದ ಕೆಳಗಿಡುವ ಸಿಂಬಿ. ನಮ್ಮ ಓಣಿಯಲ್ಲಿ ನಾನು ಹೊಲಿದ ಸಂಚಿ ಇಲ್ಲದ ಸೊಂಟವಿರಲಿಲ್ಲ. ನನಗೆ ಎಷ್ಟು ಚಿಂತೆಯಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾನಗಲ್ಲಿನಿಂದ ಸವಣೂರಿಗೆ ಸೊಸೆಯಾಗಿ ಬಂದಾಗ ಅತ್ತೆಯವರಿಗೂ ಅದೇ ಹುಚ್ಚಿದೆಯೆಂದು ಗೊತ್ತಾಗಿ ಜೀವ ಬಂದಂತಾಯಿತು. ಹೊಲಿಗೆ ನನ್ನದು, ಬಣ್ಣದ ಹೊಂದಾಣಿಕೆ ಅವರದು. ಪಡಸಾಲೆಯಲ್ಲಿ ತುಣುಕುಗಳನ್ನು ಹರವಿ, ಬಾಗಿಲತನಕ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು.

"ಆ ಹಸರು ಒಂದ ಅಳಾಕತ್ತೈತಿ. ತಗದು ಕೆಂಪಿನ ಬಾಜೂಕ ಕುಂದ್ರಸು."

ಕೂರಿಸಿದರೆ ಖರೇನೇ ಅದರ ಅಳು ನಿಲ್ಲುತ್ತಿತ್ತು. ನನ್ನ ಹೊಲಿಗೆಯ ಬಗ್ಗೆ ಮಾತ್ರ ಅವರಿಗೆ ಸಮಾಧಾನವಿರಲಿಲ್ಲ. "ಇರವಿ ಸಾಲ ಹಚ್ಚೀಯಲ್ಲ ನಮ್ಮವ್ವ! ಇಷ್ಟು ಸಣ್ಣ ಹೊಲಿಗಿ ಹಾಕ್ಕೋತ ಕುಂತ್ರ ಈ ಕೌದಿ ಮೊಮ್ಮಕ್ಕಳ ಮದಿವಿಗೆ ಮುಗೀತೈತಿ," ಅನ್ನುವರು. ಅಂದಮೇಲೆ ತಾವೇ ನಾಲಿಗೆ ಕಚ್ಚಿಕೊಳ್ಳುವರು. ಮದುವೆಯಾಗಿ ಬಹಳ ವರ್ಷ ನನ್ನ ಮಡಿಲು ತುಂಬಿರಲಿಲ್ಲ. ಅತ್ತೆ ಒಂದು ದಿನವೂ ಅದನ್ನು ಆಡಿ ತೋರಿಸಿದವರಲ್ಲ. ಮಾತು ಬಾಯಿ ತಪ್ಪಿ ಆ ಕಡೆ ಹೋದರೆ ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಬೆಳಕಿಗೆ ಎದ್ದುಹೋಗುವರು.

ಐವತ್ತರ ದಶಕದ ನಡುವಿನ ಒಂದು ಮಳೆಗಾಲ. ಕಡೆಗೂ ನಾನು ಬಸುರಾಗಿದ್ದೆ, ಐದನೆಯ ತಿಂಗಳು. ಚಿಕ್ಕೇರೂರಿಗೆ ಕೊಟ್ಟ ನಾದಿನಿಗಾಗಿ ದೊಡ್ಡದೊಂದು ಕೌದಿ ಹಾಕಿದ್ದೆವು. ನಡುವಿನ ಕೆಂಪು ಚೌಕವೊಂದು ಕತ್ತರಿಸಿ ಕೂರಿಸುವುದಿತ್ತು. ಅಷ್ಟರಲ್ಲಿ ಮಣ್ಣೆತ್ತಿನ ಅಮಾವಾಸ್ಯೆಯ ಬೆಳಿಗ್ಗೆ ಸೂರ್ಯಗ್ರಹಣ ಬಂತು.

ಗ್ರಹಣದಲ್ಲಿ ಬಸುರಿ ಕತ್ತರಿ ಹಿಡಿಯಬಾರದು, ಸೂಜಿ ಮುಟ್ಟಬಾರದು. ಕತ್ತರಿಸಿದರೆ ಹೊಟ್ಟೆಯೊಳಗಿನ ಕೂಸಿಗೆ ಕತ್ತರಿ ಬೀಳುತ್ತದೆ ಅನ್ನುತ್ತಾರೆ. ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಹಿಂದಿನ ದಿನದಿಂದಲೇ ಉಗುರು ಸಹ ಕಚ್ಚದೆ ಕೂತಿದ್ದೆ. ಕತ್ತಲೆಯ ನಡುಮನೆಯಲ್ಲಿ ಚಾಪೆಯ ಮೇಲೆ ನನ್ನನ್ನು ನೆಟ್ಟಗೆ ಮಲಗಿಸಿ, ಅತ್ತೆ ಹಿತ್ತಾಳೆಯ ಪರಾತದಲ್ಲಿ ನೀರು ಹಾಕಿ ನಟ್ಟನಡುವೆ ಒನಕೆ ನಿಲ್ಲಿಸಿದರು. ಗ್ರಹಣ ಹಿಡಿದಿರುವತನಕ ಒನಕೆ ನಿಂತಿರುತ್ತದೆ, ಬಿಟ್ಟಕೂಡಲೇ ಬೀಳುತ್ತದೆ. ಮೋಡ ಕವಿದ ದಿನ ಗ್ರಹಣ ಬಿಟ್ಟದ್ದು ತಿಳಿಯಲು ನಮ್ಮ ಮನೆಯಲ್ಲಿ ಅದೇ ಗಡಿಯಾರ.

ಒನಕೆ ನಿಂತಿತು. ನಾನು ಅದನ್ನೇ ನೋಡುತ್ತ ಮಲಗಿದೆ. ಕೂಸು ಹೊರಳಿದರೆ ಅದಕ್ಕೂ ಗ್ರಹಣ ತಾಗಿತೇನೋ, ಹೊರಳದಿದ್ದರೆ ಏನಾಯಿತೋ. ನನ್ನ ಉಸಿರು ಜೋರಾದದ್ದು ಅತ್ತೆಗೆ ಕೇಳಿಸುತ್ತಿತ್ತು. ಹಾಗೆ ಎಷ್ಟು ಹೊತ್ತಾಯಿತೋ, ಒನಕೆ ಧಡಲ್ಲನೆ ಬಿತ್ತು.

"ಬಿಟ್ಟೈತಿ ನೋಡು. ಏಳು, ಮೈ ತೊಳಕೋ," ಅಂದರು ಅತ್ತೆ.

"ಖರೇನ ಬಿಟ್ಟೈತೇನ್ರಿ ಅತ್ತಿ? ಹೊರಗ ಇನ್ನೂ ಮಬ್ಬ ಐತಿ."

"ಮಳಿಗಾಲದಾಗ ಮಬ್ಬಿರದ ಏನು ಬಿಸಲ ಬೀಳ್ತೈತಿ? ಒನಕಿಗಿಂತ ನೀ ಶ್ಯಾಣ್ಯಾಕಿ ಆದಿ?"

ಮಿಂದು ಬಂದೆ. ನನ್ನ ಮುಖದಲ್ಲಿ ಇನ್ನೂ ಬಣ್ಣ ಬಂದಿರಲಿಲ್ಲವಂತೆ. ಅತ್ತೆಗೆ ನನ್ನ ರೋಗವೂ ಗೊತ್ತು, ಔಷಧವೂ ಗೊತ್ತು. "ನಿನ್ನ ಮಾರಿ ನೋಡಾಕ ಆಗವಲ್ದು. ಕೈಗೆ ಏನರ ಕೊಡ್ತೇನಿ ತಡಿ," ಎಂದು ಕೆಂಪು ಬಟ್ಟೆಯನ್ನೂ ಕತ್ತರಿಯನ್ನೂ ತಂದು ಮುಂದಿಟ್ಟರು. ನಾನು ಬಟ್ಟೆಯನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಕತ್ತರಿಸಿದೆ.

ಕತ್ತರಿ ಕೆಳಗಿಡುವುದರೊಳಗೆ ಹೊರಗೆ ಗದ್ದಲವಾಯಿತು. ಮೋಡ ಸರಿದಿತ್ತು. ಪಕ್ಕದ ಮನೆಯವರು ಅರಿಶಿನ ನೀರಿನ ಬೋಗುಣಿಯಲ್ಲಿ ಸೂರ್ಯನ ನೆರಳು ನೋಡುತ್ತಿದ್ದರು. "ಅರ್ಧ ಐತಿ! ಇನ್ನೂ ಅರ್ಧ ನುಂಗೈತಿ!" ಎಂದು ಕೂಗು.

ಅತ್ತೆ ಬಾಗಿಲಿಗೆ ಹೋಗಿ ನೋಡಲಿಲ್ಲ. ಗೋಡೆಯ ಕಡೆ ನೋಡಿದರು. ಆಚೆ ಕೊಟ್ಟಿಗೆ. ಎತ್ತೊಂದು ಗೋಡೆಗೆ ಮೈ ತಿಕ್ಕುತ್ತಿದ್ದ ಸದ್ದು ಆಗ ನಮ್ಮಿಬ್ಬರಿಗೂ ಕೇಳಿತು. ಅದು ತಿಕ್ಕಿದಾಗೊಮ್ಮೆ ಪರಾತದ ನೀರು ಅಲುಗುತ್ತಿತ್ತು. ಅವರು ನನ್ನ ಕೈಯಿಂದ ಬಟ್ಟೆ ತಕ್ಕೊಂಡು ಮಡಚಿದರು. "ಯಾರ ಮುಂದೂ ಆಡಬ್ಯಾಡ," ಅಂದರು. ಆ ದನಿ ನಾನು ಅಲ್ಲಿಯವರೆಗೆ ಕೇಳಿದ್ದಲ್ಲ.

ಹೆರಿಗೆ ತವರಿನಲ್ಲಿ, ಹಾನಗಲ್ಲಿನಲ್ಲಿ ಆಯಿತು. ಹೆಣ್ಣು ಕೂಸು. ಮೇಲ್ತುಟಿ ಎಡಗಡೆಗೆ ಮೂಗಿನತನಕ ಸೀಳಿತ್ತು. ಸೂಲಗಿತ್ತಿ, "ಜೀವಕ್ಕ ಏನೂ ಇಲ್ಲವ್ವ, ಅಂಜಬ್ಯಾಡ," ಅಂದಳು. ಜನ್ಮವಿಡೀ ಆಗದ್ದಕ್ಕೆಲ್ಲ ಅಂಜಿದವಳು ನಾನು. ಆದದ್ದು ಕಣ್ಣ ಮುಂದೆ ಬಂದಾಗ ಅಂಜಿಕೆ ಬರಲಿಲ್ಲ. ಕೂಸಿಗೆ ಹಸಿವಾಗಿತ್ತು, ಬಾಯಿಗೆ ಮೊಲೆ ಹಿಡಿಯಲು ಬರುತ್ತಿರಲಿಲ್ಲ. ಅದನ್ನು ಹೇಗೆ ಮಾಡುವುದು ಅನ್ನುವುದಷ್ಟೇ ತಲೆಯಲ್ಲಿತ್ತು.

ತೊಟ್ಟಿಲಿಗೆ ಹಾಕುವ ದಿನ ಅತ್ತೆ ಬಂದರು. ತೊಟ್ಟಿಲ ಹತ್ತಿರ ನಿಂತು ಬಹಳ ಹೊತ್ತು ನೋಡಿದರು. ನನ್ನ ಅವ್ವ ಕೂಸನ್ನೆತ್ತಿ, "ತಗೋರಿ ಬೀಗತಿ, ನಿಮ್ಮ ಮನೀ ಕೂಸು," ಎಂದು ಚಾಚಿದಳು. ಅತ್ತೆ ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡರು.

"ನನ್ನ ಕೈ ಬ್ಯಾಡ್ರಿ."

ಅವ್ವನಿಗೆ ಅದು ಸೀಳುತುಟಿಯ ಹೆಣ್ಣೆಂಬ ತಾತ್ಸಾರವಾಗಿ ಕಂಡಿತು. ಹಾಗಲ್ಲವೆಂದು ಹೇಳುವುದಾದರೆ ಒನಕೆಯ ಸುದ್ದಿ ಹೇಳಬೇಕಾಗುತ್ತಿತ್ತು. ನಾನು ಹೇಳಲಿಲ್ಲ. ಅತ್ತೆಯೂ ತಾತ್ಸಾರದ ಹೆಸರು ಹೊತ್ತುಕೊಂಡೇ ಬಸ್ಸು ಹತ್ತಿದರು.

ಸವಣೂರಿಗೆ ಮರಳಿದ ಮೇಲೂ ಹಾಗೇ. ನನ್ನ ಬಾಣಂತನದಲ್ಲಿ ಒಂದು ಕೊರತೆ ಮಾಡಲಿಲ್ಲ. ಕೂಸಿಗೆ ಹಾಲು ಹನಿಸಲೆಂದು ಹಳೆಯ ಧೋತರದ ಮೆತ್ತನೆಯ ಬತ್ತಿಗಳನ್ನು ಹೊಸೆದು, ಕುದಿಸಿ, ಒಣಗಿಸಿ, ನನ್ನ ಕೈಗೆಟುಕುವಂತೆ ಬಟ್ಟಲಲ್ಲಿ ಇಡುತ್ತಿದ್ದರು. ಕೂಸನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದು ಅತ್ತರೆ ತಾವು ಹಿತ್ತಲಿಗೆ ಹೋಗಿ ನಿಲ್ಲುವರು. ಕೌದಿಯ ಗಂಟನ್ನು ಅಟ್ಟಕ್ಕೆ ಹಾಕಿಸಿದರು. ತುಣುಕು ಹರವಿ ನೋಡುವ ಪಡಸಾಲೆಯಲ್ಲಿ ಈಗ ಜೋಳ ಹಸನು ಮಾಡುತ್ತಿದ್ದರು.

ನನ್ನ ಚಿಂತೆಗಳೆಲ್ಲ ಹೋಗಿ ಒಂದೇ ಉಳಿಯಿತು: ಈ ಕೂಸು ಅಜ್ಜಿಯ ತೊಡೆ ಇಲ್ಲದೆ ಬೆಳೆಯುವುದಾ? ಅಂಬೆಗಾಲಿಡುವ ಹೊತ್ತಿಗೆ ಅದು ಅತ್ತೆಯ ಸೀರೆಯ ಅಂಚು ಹಿಡಿದು ಏಳಲು ನೋಡುತ್ತಿತ್ತು. ಅವರು ಅಂಚು ಬಿಡಿಸಿಕೊಳ್ಳುತ್ತಿರಲಿಲ್ಲ, ಎತ್ತಿಕೊಳ್ಳುತ್ತಲೂ ಇರಲಿಲ್ಲ. ಕೂಸು ತಾನೇ ಬಿಡುವತನಕ ಕಂಬದಂತೆ ನಿಂತಿರುತ್ತಿದ್ದರು.

ಶಿಗ್ಗಾವಿಯ ಡಾಕ್ಟರು ತುಟಿ ಹೊಲಿಯಬಹುದು, ಹುಬ್ಬಳ್ಳಿಗೆ ಹೋಗ್ರಿ ಅಂದರು. ತುಟಿ ಕೂಡುವುದೋ ಬಿಡುವುದೋ ಹೊಟ್ಟೆಯಲ್ಲಿ ಮೂರು ತಿಂಗಳಾಗುವುದರೊಳಗೇ ಮುಗಿದಿರುತ್ತದೆ ಎಂದೂ ಹೇಳಿದರು. ನಾನು ಬಸ್ಸಿಳಿದವಳೇ ಓಡೋಡಿ ಬಂದು ಅತ್ತೆಗೆ ಹೇಳಿದೆ: "ಗ್ರಹಣದಾಗ ನನಗ ಐದು ತಿಂಗಳರಿ ಅತ್ತಿ. ಅದಕ್ಕೂ ಇದಕ್ಕೂ ಸಂಬಂಧನ ಇಲ್ಲಂತ!"

ಅತ್ತೆ ಜೋಳದಿಂದ ಕಲ್ಲು ತೆಗೆಯುವುದನ್ನು ನಿಲ್ಲಿಸಲಿಲ್ಲ. "ಡಾಕ್ಟರು ಒನಕಿ ಬಿದ್ದದ್ದು ನೋಡ್ಯಾರೇನು?" ಅಂದರು. ಡಾಕ್ಟರರ ಮಾತನ್ನು ಅವರು ಕಡೆಯತನಕವೂ ಒಪ್ಪಲಿಲ್ಲ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕೂಸನ್ನು ಆಪರೇಶನ್ನಿಗೆ ಒಳಗೆ ಒಯ್ದಾಗ ನನ್ನ ಯಜಮಾನರು ಹೊರಗೆ ಬೀಡಿಯ ಮೇಲೆ ಬೀಡಿ ಸೇದಿದರು. ನಾನು ಸೆರಗಿನ ದಡಿಯ ಎಳೆ ಕಿತ್ತು ಕಿತ್ತು ಗೇಣು ಅಗಲ ಜಾಳು ಮಾಡಿದೆ. ಹೊಲಿಗೆ ಇದ್ದಂತೆಯೇ ಮನೆಗೆ ಕಳಿಸಿದರು. ಅಳಿಸಬೇಡಿ, ನಗಿಸಬೇಡಿ ಎಂದರು.

ಮನೆ ಮುಟ್ಟಿದಾಗ ಸಂಜೆಯಾಗಿತ್ತು. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಕೂಸಿನ ಮುಖದಿಂದ ಸೆರಗು ಸರಿಸಿದೆ. ಮುಖ ತಿರುಗಿಸಿ ಒಳಗೆ ಹೋಗುತ್ತಾರೆ ಅಂದುಕೊಂಡೆ. ಅವರು ಬಗ್ಗಿದರು. ಒಂದು ಕಣ್ಣು ಮುಚ್ಚಿದರು. ಎರಡು ಬೆರಳಲ್ಲಿ ಕೂಸಿನ ಗದ್ದ ಹಿಡಿದು ಬೆಳಕಿನ ಕಡೆ ತಿರುಗಿಸಿದರು. ಮುಟ್ಟಿದ್ದೇನೆಂಬುದು ಅವರಿಗೇ ಗೊತ್ತಾಗಿರಲಿಲ್ಲವೇನೋ.

"ಸಣ್ಣ ಹಾಕ್ಯಾರ," ಅಂದರು. ಆಮೇಲೆ, "ಇಲ್ಲಿ ಮೂಗಿನ ಕೆಳಗ ದಾರ ಒಂಚೂರು ಬಿಗದೈತಿ. ಇಷ್ಟು ಜಗ್ಗಬಾರದಿತ್ತು. ಯಾರು ಹಾಕಿದ್ದು, ಗಂಡಸೇನು?"

"ಹೌದ್ರಿ."

"ಅದಕ್ಕ."

ನನ್ನ ಕೈಯಿಂದ ಕೂಸನ್ನು ತಕ್ಕೊಂಡು ಕಟ್ಟೆಯ ಮೇಲೆ ಕೂತರು. ಕೂಸು ಅವರ ಮುಖವನ್ನು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು. ಮೂಗುತಿಗೆ ಕೈ ಹಾಕಿತು. ಹೊಸ ತುಟಿ ನಡುಗಿ ಅಗಲವಾಗತೊಡಗಿತು.

"ನಗಿಸಬ್ಯಾಡ್ರಿ ಅತ್ತಿ, ಹೊಲಿಗಿ ಬಿಚ್ತಾವ!"

"ಸುಮ್ನಿರ," ಅಂದರು ಅತ್ತೆ, ತಲೆಯೆತ್ತದೆ. "ಬಿಚ್ಚಿದ್ರ ನಾನಿಲ್ಲೇನು?"

ಅವರ ಕಣ್ಣಿನ ನೀರು ಕೂಸಿನ ಕೆನ್ನೆಗೆ ಬೀಳುತ್ತಿತ್ತು. ಹೊಲಿಗೆ ನೆನೆದೀತೆಂದು ನಾನು ಸೆರಗಿನಿಂದ ಒರೆಸುತ್ತ ನಿಂತೆ.