ಹೊಸ ಹಕ್ಕಿಗೊಂದು ಪ್ರತ್ಯೇಕ ಕೋಣೆ

ಮಿತ್ರರಿಗೆ ನಮಸ್ಕಾರ, ಹಕ್ಕಿ ಸಾಕುವ ಬಗ್ಗೆ ನನ್ನ ಉಪದೇಶಗಳನ್ನು ಸಹಿಸುತ್ತಿರುವ ಹಿರಿಯರಿಗೆ ಕೃತಜ್ಞತೆ.

ನನ್ನ ಶಿಷ್ಯೆ ಸ್ಫೂರ್ತಿ ಇಂದು ತನ್ನೆರಡು ಲವ್‌ಬರ್ಡ್‌ಗಳಿಗೆ ಜೊತೆಯಾಗಲೆಂದು ಸಾಗರದ ಪೇಟೆಯಿಂದ ಮೂರನೆಯದನ್ನು ತಂದಳು. ಹಳೆಯವಕ್ಕೆ ರೋಗ ತಗುಲದಂತೆ ಹೊಸದನ್ನು ಒಂದು ತಿಂಗಳು ಬೇರೆ ಕೋಣೆಯಲ್ಲಿಡಬೇಕೆಂದು ಬೋಧಿಸಿದವನು ನಾನೇ. ಮಧ್ಯಾಹ್ನ ಅವಳ ತಂದೆ ಮಗಳೊಡನೆ ಪಂಜರ ಹಿಡಿದು ನಮ್ಮ ಮನೆಗೆ ಬಂದರು.

"ಸಾರ್, ನಮ್ಮನೇಲಿ ಇರೋದೇ ಒಂದು ರೂಮು. ಹಕ್ಕಿ ಒಳಗಂತೆ, ನಾನು ಜಗಲೀಲಂತೆ! ಇದನ್ನ ಅಂಗಡಿಗೇ ವಾಪಸ್ ಕೊಡ್ತೀನಿ."

ಸ್ಫೂರ್ತಿಯ ಕಣ್ಣು ತುಂಬಿತು. "ತಿಂಗಳ ಮಟ್ಟಿಗೆ ನಮ್ಮಲ್ಲಿರಲಿ" ಎಂದುಬಿಟ್ಟೆ.

ನನ್ನ ಪತ್ನಿ ನಕ್ಕಳು. "ನಿಮ್ಮ ಓದೋ ಕೋಣೆ ಇದ್ಯಲ್ಲ, ಅಲ್ಲೇ ಇಡಿ. ನೀವು ಅಡುಗೆಮನೇಲಿ ಕೂತು ಬರೀರಿ, ಹಂಗೇ ಬೀನ್ಸ್ ಹೆಚ್ಚಿ."

ಈಗ ನನ್ನ ಕೋಣೆಯಿಂದ ಹಕ್ಕಿಯೇ ಗಟ್ಟಿಯಾಗಿ ಉಪದೇಶಿಸುತ್ತಿದೆ. ಯುವಮಿತ್ರರೇ, ಬನ್ನಿ, ನನ್ನ ಉಪದೇಶ ಸಾಕು, ಪಂಜರ ತೊಳೆಯುವುದರಿಂದಲೇ ಹಕ್ಕಿ ಸಾಕುವ ಕೆಲಸ ಆರಂಭಿಸೋಣ.