ಹೆಬ್ಬೆರಳಿನ ತಪ್ಪು

ಡ್ಯಾನ್ಯೂಬ್ ದಡದ ನಮ್ಮ ಕಾರ್ಖಾನೆಯಲ್ಲಿ ಗಿಂಕಾ ತೋತೆವಾಳಿಗೆ ಹನ್ನೊಂದು ವರ್ಷದಿಂದ ಒಂದೇ ಕೆಲಸ: ಹೊಸ ಕ್ಯಾಲ್ಕುಲೇಟರುಗಳ ಗುಂಡಿ ಒತ್ತಿ ನೋಡುವುದು. ಗಂಡ ಬಿಟ್ಟು ಹೋದಾಗ ಅಳದವಳು, ತನ್ನ ಪರೀಕ್ಷೆಯ ಕುರ್ಚಿಯನ್ನು ಯಾರಾದರೂ ಸರಿಸಿದರೆ ಇಡೀ ದಿನ ಮುಖ ಊದಿಸಿಕೊಳ್ಳುತ್ತಿದ್ದಳು.

ಆ ವರ್ಷ ಎಂಜಿನಿಯರ್ ಮಿಂಚೆವ್ ಹೊಸ ಮಾದರಿ ತಂದ. ಚೆಂದ ಕಾಣಲೆಂದು, ಎಲ್ಲವನ್ನೂ ಅಳಿಸುವ ಗುಂಡಿಯನ್ನು ಬಲತುದಿಯಲ್ಲಿ, ಉತ್ತರ ತೋರಿಸುವ ಗುಂಡಿಯ ಕೆಳಗೇ ಇಟ್ಟಿದ್ದ. ಅಂಗೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಉತ್ತರ ಕೇಳಿದರೆ ಕೆಳಗಿನದೂ ಒತ್ತಿಹೋಗಿ ಲೆಕ್ಕವೇ ಮಾಯ. ಗಿಂಕಾ ನೂರಕ್ಕೆ ನಲವತ್ತನ್ನು ಬದಿಗಿಟ್ಟಳು. ಸಭೆ ಕರೆದರು. ವಿಷಯ, ಗಿಂಕಾಳ ಕುರ್ಚಿ.

"ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ," ಎಂದ ಮಿಂಚೆವ್. "ಮೇಜಿನ ಮೇಲಿಟ್ಟು ತೋರುಬೆರಳಲ್ಲಿ ಒತ್ತಮ್ಮ."

"ನಿಮ್ಮನೇಲಿ ಲ್ಯುತೆನಿತ್ಸಾ ಯಾರು ಕಾಯ್ಸೋದು, ಕಾಮ್ರೇಡ್?"

"ನನ್ನ ಹೆಂಡ್ತಿ."

"ಅದೇ ಮತ್ತೆ!" ಗಿಂಕಾ ಎದ್ದಳು. ಸೆಪ್ಟೆಂಬರಿನಲ್ಲಿ ನಮ್ಮೂರಿನ ಪ್ರತಿ ಅಂಗಳದಲ್ಲೂ ಲ್ಯುತೆನಿತ್ಸಾ ಗೊಜ್ಜಿಗಾಗಿ ಕೆಂಪು ಮೆಣಸಿನಕಾಯಿ ಹಂಡೆಯಲ್ಲಿ ಕುದಿಯುತ್ತಿರುತ್ತದೆ. ಸೌಟು ನಿಂತರೆ ತಳ ಹಿಡಿಯುತ್ತದೆ. ಅವಳು ಮಿಂಚೆವ್‌ನ ಎಡಗೈಗೆ ಛತ್ರಿ ಕೊಟ್ಟಳು, ಬಲಗೈಗೆ ಅವನದೇ ಯಂತ್ರ. "ಇದು ಸೌಟು. ತಿರುವ್ತಾ ಇರಿ. ಮೂವತ್ತೇಳು ಕಿಲೋಗೆ ಉಪ್ಪೆಷ್ಟು? ಕಿಲೋಗೆ ಹನ್ನೆರಡು ಗ್ರಾಂ."

ಎಂಜಿನಿಯರ್ ಛತ್ರಿ ತಿರುವುತ್ತಾ ಒತ್ತಿದ. ಸೊನ್ನೆ. ಮತ್ತೆ ಒತ್ತಿದ. ಸೊನ್ನೆ.

"ಉಪ್ಪೇ ಬೇಡ್ವಂತೆ ಕಣ್ರೇ!" ಎಂದಳು ಗಿಂಕಾ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನನಗಂತೂ ಕಣ್ಣಲ್ಲಿ ನೀರು ಬಂತು.

ನಿರ್ದೇಶಕರು ನಗಲಿಲ್ಲ. ಹೊಸ ಮಾದರಿಯ ಚಿತ್ರ ಪ್ಲೊವ್‌ದಿವ್ ವಾಣಿಜ್ಯ ಮೇಳದ ಭಿತ್ತಿಪತ್ರದಲ್ಲಿ ಆಗಲೇ ಅಚ್ಚಾಗಿತ್ತು. ಭಿತ್ತಿಪತ್ರ ತಪ್ಪಾಗಲು ಸಾಧ್ಯವೇ? ಉಳಿದದ್ದು ಹೆಬ್ಬೆರಳು. "ತಪ್ಪು ಕಾಮ್ರೇಡ್ ತೋತೆವಾಳ ಹೆಬ್ಬೆರಳಿನದು. ಅವರು ಪ್ಯಾಕಿಂಗಿಗೆ ಹೋಗಲಿ. ಒಪ್ಪುವವರು ಕೈ ಎತ್ತಿ," ಎಂದರು.

ಕಣ್ಣೊರೆಸಿಕೊಳ್ಳುತ್ತಿದ್ದ ಕೈಗಳೇ ಮೇಲೆದ್ದವು. ಒಂದೂ ತಪ್ಪಲಿಲ್ಲ. ನನ್ನದೂ ಎದ್ದಿತು, ಎಲ್ಲರಿಗಿಂತ ತಡವಾಗಿಯೂ ಅಲ್ಲ. ನಾಚಿಕೆಗೇಡು.

ಮರುದಿನ ಆ ಕುರ್ಚಿಯನ್ನು ನನಗೇ ಕೊಟ್ಟರು. ಮೇಜಿನ ಮೇಲಿಟ್ಟು ತೋರುಬೆರಳಲ್ಲಿ ಒತ್ತಿದೆ. ನೂರಕ್ಕೆ ನೂರೂ ಪಾಸು. ಮಿಂಚೆವ್ ಬೆನ್ನು ತಟ್ಟಿದ.

ಊಟದ ಹೊತ್ತಿಗೆ ಗಿಂಕಾ ರಟ್ಟಿನ ಪೆಟ್ಟಿಗೆಗಳನ್ನು ಹೊತ್ತು ಬಂದಳು. ಬೈಗುಳಕ್ಕೆ ಸಿದ್ಧಳಾಗಿ ನಾನು ತಲೆ ತಗ್ಗಿಸಿದೆ.

"ಆ ಕುರ್ಚಿ ಎಡಗಾಲು ಸಡಿಲ ಇದೆ ಕಣೆ," ಎಂದಳು. "ಬಿದ್ದೀಯ, ಬಲಕ್ಕೆ ಸರಿದು ಕೂತ್ಕೋ."