ಸುಣ್ಣ ಹಣ್ಣಾಗುವ ತನಕ

ಭಾನುವಾರ, ಬೆಳಿಗ್ಗೆ ಏಳು ಗಂಟೆ. ಮರವಂತೆ ಸಮೀಪದ ನಮ್ಮ ಹಳೆಯ ಶಾಲೆಯ ಅಂಗಳದಲ್ಲಿ ಹಾಜರಿದ್ದವರು ಗುತ್ತಿಗೆದಾರ, ಇಬ್ಬರು ಗಾರೆ ಕೆಲಸದವರು ಮತ್ತು ನಾನು. ಎರಡು ತಿಂಗಳಿಂದ ನೀರಿನಲ್ಲಿ ನೆನೆದಿದ್ದ ಚಿಪ್ಪಿನ ಸುಣ್ಣದ ಡ್ರಮ್ಮಿನ ಮುಚ್ಚಳ ತೆಗೆದರು. ಇಳಿತದ ಹೊತ್ತಿನ ಹೊಳೆದಂಡೆಯ ವಾಸನೆ ಬಂತು. ಬೈಂದೂರಿನ ಆ ಹಳೆಯ ಮೇಸ್ತ್ರಿಯವರ ಅಂಗೈಯ ವಾಸನೆ ಅದು...

ನಾನು ಇದೇ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದಾಗ ಗೋಡೆಗಳ ದುರಸ್ತಿಗೆ ಬಂದವರು ಅವರು. ಆಗಲೇ ಎಪ್ಪತ್ತರ ಹತ್ತಿರ. ಕರಣೆ ಹಿಡಿಯುವ ಮೊದಲು ಚಿಟಿಕೆ ಮರಳನ್ನು ನಾಲಿಗೆಗೆ ಹಚ್ಚಿ ನೋಡುತ್ತಿದ್ದರು. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ ಇರುವ ಊರು; ಇಲ್ಲಿ ಹೊಳೆಯ ಮರಳಿಗೂ ಉಪ್ಪು ಸೇರುತ್ತದೆ, ಉಪ್ಪು ಸೇರಿದ ಗಾರೆ ನಿಲ್ಲುವುದಿಲ್ಲ. ರುಚಿ ಸರಿಯಿಲ್ಲದಿದ್ದರೆ ಗಾಡಿಯಿಂದ ಮರಳನ್ನು ಇಳಿಸಲೂ ಬಿಡುತ್ತಿರಲಿಲ್ಲ.

ಮುಂಭಾಗದ ಜಗಲಿಯ ಗೋಡೆಗೆ ಸುಣ್ಣದ ಗಾರೆ ಹಾಕಿ ಮುಗಿಸಿದರು. ಕಡಲ ಕಡೆಯ ಗೋಡೆಯ ಸರದಿ ಬಂದಾಗ ತಂದ ಸುಣ್ಣ ತೀರಿತ್ತು. ಹೊಸದಾಗಿ ನೆನೆಹಾಕಿದ್ದು ಬೆಣ್ಣೆಯಂತೆ ಮೆತ್ತಗಾಗಿ ಹಣ್ಣಾಗಲು ಒಂದು ತಿಂಗಳು ಬೇಕು ಎಂದರು. ಶಾಲೆ ಶುರುವಾಗಲು ಉಳಿದದ್ದು ಹತ್ತು ದಿನ. ಗಂಟೆ ಒಂದು ನಿಮಿಷ ತಡವಾದರೂ ಸಹಿಸದವನು ನಾನು. ಸುಣ್ಣವೇನು ಮಾವಿನಕಾಯಿಯೇ ಹಣ್ಣಾಗುವುದಕ್ಕೆ ಎಂದು ಎಲ್ಲರೆದುರು ಕೇಳಿಬಿಟ್ಟೆ.

"ಹ್ವಾಯ್ ಮಾಷ್ಟ್ರೇ, ನಿಮ್ಮ್ ಮಕ್ಳ್ ಒಂದ್ ತಿಂಗ್ಳಗೆ ಏಳ್ನೇ ಕ್ಲಾಸ್ ಪಾಸ್ ಆತ್ರಾ?" ಎಂದರು. ಆಮೇಲೆ ಮೆಲ್ಲಗೆ, "ಇದ್ ಮುರಕಲ್ಲಿನ್ ಗ್ವಾಡಿ. ಸಿಮೆಂಟ್ ಬಳ್ದ್ರೆ ಒಳ್ಗಿನ್ ನೀರ್ ಹೊರ್ಗ್ ಬಪ್ಪುಕೆ ದಾರಿ ಇಲ್ಲೆ."

ನಾನು ಸಿಮೆಂಟ್ ತರಿಸಿದೆ. ಅವರು ಕರಣೆ ತೊಳೆದು, ಒರೆಸಿ, ಚೀಲಕ್ಕೆ ಹಾಕಿ ಬೈಂದೂರಿನ ಬಸ್ಸು ಹತ್ತಿದರು. ಮತ್ತೆ ನಮ್ಮ ಶಾಲೆಯ ಕಡೆ ಬರಲಿಲ್ಲ. ಬೇರೆಯವರು ಒಂಬತ್ತೇ ದಿನದಲ್ಲಿ ಕೆಲಸ ಮುಗಿಸಿದರು. ಅಂದು ನನಗೆ ಹೆಮ್ಮೆಯಾಗಿತ್ತು...

ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಆ ಸಿಮೆಂಟು ಹಲಗೆ ಹಲಗೆಯಾಗಿ ಕಳಚಿತು. ಹಿಂದಿನ ಕೆಂಪು ಮುರಕಲ್ಲು ಕೈ ತಾಗಿದರೆ ಉದುರುತ್ತಿತ್ತು. ಬೈಂದೂರಿಗೆ ಹೋಗಿ ತಪ್ಪು ನನ್ನದೆಂದು ಹೇಳಬೇಕು, ರಜೆ ಬರಲಿ ಎಂದುಕೊಂಡೆ. ರಜೆ ಬಂದಾಗ ಅವರು ಬದುಕಿರಲಿಲ್ಲ.

ಈಗ ಹಳೆಯ ವಿದ್ಯಾರ್ಥಿಗಳು ಶಾಲೆಯನ್ನು ಉಳಿಸಲು ಹೊರಟಿದ್ದಾರೆ. ಗುತ್ತಿಗೆದಾರನೂ ನನ್ನ ಶಿಷ್ಯನೇ. ಬೇಗ ಮುಗಿಯುತ್ತದೆಂದು ಅವನೂ ಸಿಮೆಂಟನ್ನೇ ಹೇಳಿದ. ಇನ್ನೊಂದು ಸಲ ಸಿಮೆಂಟ್ ಬಿದ್ದರೆ ಈ ಗೋಡೆಯನ್ನು ಕೆಡವಬೇಕಾದೀತು ಎಂದೆ. ಬಿರುಕಿಲ್ಲದೆ ನಿಂತ ಜಗಲಿಯ ಗೋಡೆಯನ್ನು ತೋರಿಸಿದೆ. ಸವೆದ ಕಲ್ಲುಗಳ ಜಾಗಕ್ಕೆ, ಹೆಮ್ಮಾಡಿಯಲ್ಲಿ ಕೆಡವಿದ ಮನೆಯೊಂದರ ಮುರಕಲ್ಲನ್ನೇ ತಂದೆವು. ಒಂದು ತಿಂಗಳು ಕಾಯಲಾರದ ನಾನೇ ಎಲ್ಲರನ್ನೂ ಎರಡು ತಿಂಗಳು ಕಾಯಿಸಿದೆ.

ಇವತ್ತು ಮರಳು ಬಂದೊಡನೆ ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿದೆ.

"ಎಂತ ಮಾಷ್ಟ್ರೇ, ತಿಂಡಿ ಆಯ್ಲಿಲ್ಯಾ?" ಎಂದು ಗುತ್ತಿಗೆದಾರ ನಕ್ಕ.

ಉಪ್ಪಿದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ. ಇನ್ನೊಂದು ಚಿಟಿಕೆ ಹಚ್ಚಿದೆ, ಆಗಲೂ ತಿಳಿಯಲಿಲ್ಲ. ಅವರಿಗೆ ತಿಳಿಯುತ್ತಿತ್ತು... ಬಾವಿಯ ಸಿಹಿನೀರಿನಲ್ಲಿ ಮರಳನ್ನು ಮೂರು ಸಲ ತೊಳೆಸಿದೆ.

ಸಂಜೆ ಐದೂವರೆಗೆ ಗಾರೆ ಕಿಟಕಿಯ ಮಟ್ಟಕ್ಕೆ ಏರಿತು. ಅದು ಬೇಗ ಒಣಗದಂತೆ ಮೇಲೆ ಒದ್ದೆ ಗೋಣಿ ಇಳಿಬಿಟ್ಟು, ಕರಣೆಗಳನ್ನು ನಾನೇ ತೊಳೆದು, ಒರೆಸಿ, ಚೀಲಕ್ಕೆ ಹಾಕಿದೆ.